ಮತ್ಸುಯಾಮಾದಲ್ಲಿ ಒಬ್ಬ ಅಮೆರಿಕನ್ ಗೆಳೆಯನ ಮನೆ

ಜಪಾನಿನ ಶಿಕೋಕು ದ್ವೀಪದ ಮತ್ಸುಯಾಮಾಕ್ಕೆ ಹೋದವರು ಬೆಟ್ಟದ ಮೇಲಿನ ಕೋಟೆ ನೋಡುತ್ತಾರೆ, 1894ರಲ್ಲಿ ಕಟ್ಟಿದ ದೋಗೊ ಬಿಸಿನೀರಿನ ಸ್ನಾನದ ಮನೆಗೂ ಹೋಗುತ್ತಾರೆ. ನಾನೂ ಹೋಗಿ ಬಂದೆ. ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಗೆಳೆಯನ ಪುಟ್ಟ ಬಾಡಿಗೆ ಮನೆ. ಅವನು ಅಮೆರಿಕದ ಮಿನೆಸೋಟದವನು. ಶಾಲೆಗಳಲ್ಲಿ ಭಾಷೆ ಕಲಿಸಲು ಹೊರದೇಶದವರನ್ನು ಕರೆಸಿಕೊಳ್ಳುವ, ಜಪಾನ್ ಸರ್ಕಾರ 1987ರಲ್ಲಿ ಶುರು ಮಾಡಿದ ಜೆಟ್ (JET) ಯೋಜನೆಯಲ್ಲಿ ಬಂದು, ಇಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾನೆ.

ನಾನು ಹೋದಾಗ ಜನವರಿ. ಆ ಹೊತ್ತಿಗೆ ಮಿನೆಸೋಟದಲ್ಲಿ ಕೆರೆಗಳು ಹೆಪ್ಪುಗಟ್ಟಿ, ಜನ ಅದರ ಮೇಲೆ ಗಾಡಿ ಓಡಿಸುತ್ತಾರೆ. "ಆದರೂ ನಾನು ಚಳಿಗೆ ನಡುಗಿದ್ದು ಇಲ್ಲೇ, ಅದೂ ಮನೆಯೊಳಗೆ" ಎಂದ. ಅವನ ಊರಲ್ಲಿ ಇಡೀ ಮನೆಯನ್ನೇ ಬೆಚ್ಚಗಿಡುತ್ತಾರೆ. ಇಲ್ಲಿ ಜನ ಕೂತ ಜಾಗ ಬೆಚ್ಚಗಿದ್ದರೆ ಸಾಕು. ಅದಕ್ಕೇ ಇರುವುದು ಕೊತಾತ್ಸು. ಗಿಡ್ಡ ಮೇಜು, ಅದರಡಿ ಸಣ್ಣ ಹೀಟರ್, ಸುತ್ತ ನೆಲದವರೆಗೆ ಇಳಿಬಿದ್ದ ರಜಾಯಿ. ಕಾಲು ಒಳಗೆ ತೂರಿಸಿ ಕೂತರೆ ಮತ್ತೆ ಏಳಲು ಮನಸ್ಸೇ ಬರುವುದಿಲ್ಲ. ಮೂಗಿನ ತುದಿ ಮಾತ್ರ ತಣ್ಣಗೆ. ಮೇಜಿನ ಮೇಲೆ ಬುಟ್ಟಿ ತುಂಬ ಕಿತ್ತಳೆ; ಈ ಎಹಿಮೆ ಪ್ರಾಂತ್ಯ ಅದಕ್ಕೆ ಹೆಸರುವಾಸಿ. ಸುಲಿದು ತಿನ್ನುತ್ತ ಅವನು ಹೇಳಿದ: "ನಮ್ಮೂರಲ್ಲಿ ಚಳಿಗಾಲ ಬಂದರೆ ಎಲ್ಲರೂ ಅವರವರ ಕೋಣೆಯಲ್ಲಿ ಇರುತ್ತಿದ್ದೆವು. ಇಲ್ಲಿ ಬೆಚ್ಚಗಿರಬೇಕೆಂದರೆ ಒಟ್ಟಿಗೆ ಕೂರಲೇಬೇಕು."

ಚಪ್ಪಲಿ ಬಿಟ್ಟು ಒಳಗೆ ಹೋಗುವುದು ನಮಗೇನೂ ಹೊಸದಲ್ಲ, ಅಲ್ವಾ? ಇಲ್ಲಿ ಬಿಟ್ಟ ಮೇಲೆ ಅದರ ತುದಿಯನ್ನು ಬಾಗಿಲ ಕಡೆಗೆ ತಿರುಗಿಸಿಯೂ ಇಡುತ್ತಾರೆ. ಮಾತಾಡುತ್ತಲೇ ಗೆಳೆಯ ಬಗ್ಗಿ ನನ್ನ ಶೂಗಳನ್ನೂ ತಿರುಗಿಸಿಟ್ಟ.

ಕಸದ್ದೇ ಒಂದು ದೊಡ್ಡ ಪಾಠ. ನೀರಿನ ಬಾಟಲಿ ಎಸೆಯಬೇಕೆಂದರೆ ಮುಚ್ಚಳ ತೆಗೆದು, ಲೇಬಲ್ ಸುಲಿದು, ಬಾಟಲಿ ತೊಳೆಯಬೇಕು. ಸುಡುವ ಕಸಕ್ಕೆ ಬೇರೆ ದಿನ, ಅದೂ ಬೆಳಗ್ಗೆಯೇ ಇಡಬೇಕು. ಕಾಗೆಗಳು ಎಳೆದಾಡದಂತೆ ಮೇಲೆ ಬಲೆ ಹೊದಿಸಬೇಕು. ಬಂದ ಹೊಸದರಲ್ಲಿ ಇದನ್ನೆಲ್ಲ ಅವನಿಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ, ಭಾಷೆ ಗೊತ್ತಿಲ್ಲದ್ದಕ್ಕೆ ಬರೀ ಕೈಸನ್ನೆಯಲ್ಲಿ. ಈಗ ಅಜ್ಜಿಯ ಕಸದ ಚೀಲವನ್ನೂ ಅವನೇ ಒಯ್ಯುತ್ತಾನೆ. ದಾರಿಯಲ್ಲಿ ಇಬ್ಬರೂ ಜಪಾನಿಯಲ್ಲಿ ಹರಟುತ್ತಾರೆ. ನನಗೆ ಒಂದಕ್ಷರ ಅರ್ಥವಾಗದಿದ್ದರೂ, ಕೋಟೆಗಿಂತ ಆ ಬೆಳಗ್ಗೆಯೇ ನನಗೆ ದೊಡ್ಡದು.

ಜೆಟ್ ಯೋಜನೆಯಲ್ಲಿ ಹೆಚ್ಚೆಂದರೆ 5 ವರ್ಷ ಇರಬಹುದು. ಅವನದು ಈ ಬೇಸಿಗೆಗೆ ಮುಗಿಯುತ್ತದೆ. ಇದೇ ಊರಲ್ಲಿ ಬೇರೆ ಕೆಲಸ ಹುಡುಕುತ್ತಿದ್ದಾನೆ.