ಚೈನ್ ಕವರ್ ಬಿಚ್ಚಿದ ಮೇಲೆ: 100 ಸಿಸಿ ಬೈಕಿನ ಹಿಂದಿನ ಚಕ್ರದ ಕೆಲಸ

ಸ್ಪ್ಲೆಂಡರ್, ಎಚ್‌ಎಫ್ ಡೀಲಕ್ಸ್‌ನಂಥ ಬೈಕುಗಳಲ್ಲಿ ಚೈನ್ ಕಣ್ಣಿಗೇ ಬೀಳುವುದಿಲ್ಲ. ಇಡೀ ಚೈನನ್ನು ತಗಡಿನ ಕವರ್ ಮುಚ್ಚಿರುತ್ತದೆ. ಮಳೆ, ಕೆಸರು, ಧೂಳು ನೇರವಾಗಿ ತಾಗದ ಕಾರಣ ಚೈನ್ ಬಹಳ ದಿನ ಬಾಳುತ್ತದೆ. ಕಾಣದ್ದರಿಂದಲೇ ಅದನ್ನು ಮರೆಯುವುದೂ ಸುಲಭ. ಕವರಿಗೆ ಬಡಿದು ‘ಟಕ ಟಕ’ ಸದ್ದು ಬಂದಾಗಲೇ ನೆನಪಾಗುತ್ತದೆ. ಆಗ ಗ್ಯಾರೇಜಿನಲ್ಲಿ ಎರಡು ನಟ್ ತಿರುಗಿಸಿ, ಚೈನನ್ನು ಬಿಲ್ಲಿನ ಹೆದೆಯಂತೆ ಬಿಗಿದು ಕಳಿಸುತ್ತಾರೆ. ಸದ್ದು ನಿಲ್ಲುತ್ತದೆ, ಹಾನಿ ಅಲ್ಲಿಂದ ಶುರುವಾಗುತ್ತದೆ.

ಸಡಿಲ ಚೈನಿಗಿಂತ ಅತಿ ಬಿಗಿಯಾದ ಚೈನ್ ಹೆಚ್ಚು ಖರ್ಚು ತರುತ್ತದೆ. ಬೈಕ್ ಗುಂಡಿಗೆ ಇಳಿದಾಗ ಹಿಂದಿನ ಚಕ್ರ ಹಿಡಿದಿರುವ ಫೋರ್ಕ್ ಮೇಲಕ್ಕೆ ಏಳುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಫೋರ್ಕಿನ ಪಿವೋಟ್ (ಅದು ಆಡುವ ಕೀಲು), ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಅತಿ ಹೆಚ್ಚಾಗಿರುತ್ತದೆ. ಚೈನಿನಲ್ಲಿ ಸಡಿಲ ಬಿಡುವುದು ಆ ಕ್ಷಣಕ್ಕಾಗಿ. ಅದಿಲ್ಲದಿದ್ದರೆ ಎಳೆತವೆಲ್ಲ ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗ್ ಮೇಲೆ, ಚಕ್ರದ ಬೇರಿಂಗ್ ಮೇಲೆ ಬೀಳುತ್ತದೆ. ಮುಂದಿನ ಸ್ಪ್ರಾಕೆಟ್ ಹಿಂದೆ ಆಯಿಲ್ ಜಿನುಗುತ್ತಿದ್ದರೆ ಸೀಲ್ ಮಾತ್ರ ಬದಲಿಸಿ ಸುಮ್ಮನಾಗಬೇಡಿ, ಚೈನ್ ಎಷ್ಟು ಬಿಗಿ ಇದೆ ಎಂಬುದನ್ನೂ ನೋಡಿ.

ಅಳೆಯುವುದು ಸುಲಭ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತನ್ನಿ. ಕವರಿನ ಕೆಳಭಾಗದಲ್ಲಿರುವ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಚೈನನ್ನು ಮೇಲಕ್ಕೂ ಕೆಳಕ್ಕೂ ಒತ್ತಿ. ಒಟ್ಟು ಓಡಾಟ 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಒಂದೇ ಜಾಗದಲ್ಲಿ ಅಳೆದು ಮುಗಿಸಬಾರದು. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಜಾಗದ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಕಡೆ 15, ಇನ್ನೊಂದು ಕಡೆ 40 ಬಂದರೆ ಚೈನ್ ಒಂದೇ ಸಮನಾಗಿ ಸವೆದಿಲ್ಲ ಎಂದರ್ಥ. ಅದನ್ನು ಯಾವ ಅಡ್ಜಸ್ಟ್‌ಮೆಂಟೂ ಸರಿಪಡಿಸುವುದಿಲ್ಲ. ಕೊನೆಗೆ ಸ್ಟ್ಯಾಂಡ್ ತೆಗೆದು, ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಮತ್ತೆ ಒತ್ತಿ ನೋಡಿ. ಆಗಲೂ ಚೈನ್ ಸ್ವಲ್ಪ ಆಡಬೇಕು.

ಕವರ್ ಬಿಚ್ಚುವುದಕ್ಕೆ ಸಾಮಾನ್ಯವಾಗಿ 10ರ ಸ್ಪ್ಯಾನರ್ ಸಾಕು. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆಯಾಗಿ ಬರುತ್ತವೆ. ಕೆಳಗಿನ ತಗಡಿನಲ್ಲಿ ಹಳೆಯ ಗ್ರೀಸ್ ಮತ್ತು ಮಣ್ಣು ಸೇರಿ ಕಪ್ಪು ಹಿಟ್ಟಿನಂತೆ ಕೂತಿರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಿರಿ, ಇಲ್ಲವಾದರೆ ತೊಳೆದ ಚೈನ್ ಮರುದಿನವೇ ಅದನ್ನು ಎತ್ತಿಕೊಳ್ಳುತ್ತದೆ. ಚೈನ್ ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್, ಜೊತೆಗೊಂದು ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಆಯಿತು. ಪೆಟ್ರೋಲ್ ಬೇಡ, ಬೆಂಕಿಯ ಅಪಾಯ. ಎಂಜಿನ್ ಚಾಲೂ ಇಟ್ಟು, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಅಭ್ಯಾಸ ಹಲವರಿಗಿದೆ. ಬಟ್ಟೆಯ ತುದಿ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳು ಹಿಂದಕ್ಕೆ ಬರುವುದಿಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಂಡು, ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಒರೆಸಿ ಒಣಗಿದ ಮೇಲೆ ಎಣ್ಣೆ. 100 ಸಿಸಿ ಬೈಕುಗಳ ಚೈನಿನಲ್ಲಿ ಸಾಮಾನ್ಯವಾಗಿ ಓ-ರಿಂಗ್ (ಪಿನ್ನಿನ ಸುತ್ತಲಿನ ಗ್ರೀಸನ್ನು ಒಳಗೇ ಹಿಡಿದಿಡುವ ರಬ್ಬರ್ ಬಳೆ) ಇರುವುದಿಲ್ಲ, ಎಣ್ಣೆ ಒಳಗಿನ ಪಿನ್ನಿಗೆ ತಲುಪಿದರೆ ಮಾತ್ರ ಪ್ರಯೋಜನ. 90 ನಂಬರ್ ಗೇರ್ ಆಯಿಲ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಚೈನಿನ ಕೆಳಗಿನ ಸಾಲಿನಲ್ಲಿ, ಒಳಮೈ ಮೇಲೆ, ಪ್ಲೇಟುಗಳು ಒಂದರ ಪಕ್ಕ ಒಂದು ಕೂರುವ ಸಂದಿಗೆ ಹನಿ ಹನಿಯಾಗಿ ಬಿಡುತ್ತ ಹೋಗಿ. ಚಕ್ರ ತಿರುಗುವಾಗ ಎಣ್ಣೆ ತಾನಾಗಿ ಹೊರಮೈಗೆ ಹರಿಯುತ್ತದೆ. ಸಂಜೆ ಹಾಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಹೊರಗಿನ ಹೆಚ್ಚುವರಿ ಎಣ್ಣೆ ಒರೆಸಿದರೆ ಟೈರಿಗೆ ಚಿಮ್ಮುವುದಿಲ್ಲ. ಗ್ರೀಸ್ ಮೆತ್ತುವುದು ತಪ್ಪು: ಅದು ದಪ್ಪ, ಪಿನ್ನಿನವರೆಗೆ ಇಳಿಯದೆ ಹೊರಗೇ ಕೂತು ಧೂಳು ಹಿಡಿದು ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತದೆ. ಎಂಜಿನ್ನಿನಿಂದ ಇಳಿಸಿದ ವೇಸ್ಟ್ ಆಯಿಲ್ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರಲ್ಲಿ ಸವೆದ ಲೋಹದ ಪುಡಿಯೂ ಇರುತ್ತದೆ. ಒಣ ರಸ್ತೆಯಲ್ಲಿ ಸುಮಾರು 500 ಕಿ.ಮೀ.ಗೆ ಒಮ್ಮೆ, ಮಲೆನಾಡು–ಕರಾವಳಿಯ ಮಳೆಗಾಲದಲ್ಲಿ 300ಕ್ಕೆ ಒಮ್ಮೆ ಎಣ್ಣೆ ಬಿಡಿ. ಪ್ರತಿ ಸಲ ಕವರ್ ಬಿಚ್ಚಬೇಕಿಲ್ಲ, ಅದೇ ರಬ್ಬರ್ ಮುಚ್ಚಳದ ತೂತಿನಿಂದ ಚಕ್ರ ತಿರುಗಿಸುತ್ತ ಬಿಡಬಹುದು.

ಚೈನ್ ಹಿಗ್ಗಿದೆ ಅನ್ನುತ್ತೇವೆ, ನಿಜಕ್ಕೂ ಉಕ್ಕು ಹಿಗ್ಗಿರುವುದಿಲ್ಲ. ಪಿನ್ನು ಮತ್ತು ಅದನ್ನು ಸುತ್ತುವರಿದ ಬುಷ್ ಸವೆದಿರುತ್ತವೆ. ಒಂದೊಂದು ಕೊಂಡಿಯಲ್ಲಿ 0.1 ಮಿ.ಮೀ. ಸವೆದರೂ 100 ಕೊಂಡಿಗೆ 10 ಮಿ.ಮೀ. ಆಯಿತು. 428 ನಂಬರಿನ ಚೈನಿನಲ್ಲಿ ಎರಡು ಪಿನ್ನುಗಳ ನಡುವಿನ ದೂರ 12.7 ಮಿ.ಮೀ. ಹಾಗಾಗಿ ಹೊಸ ಚೈನಿನಲ್ಲಿ 21 ಪಿನ್ನು ಎಣಿಸಿ, ಮೊದಲ ಪಿನ್ನಿನ ನಡುವಿನಿಂದ ಕೊನೆಯದರ ನಡುವಿಗೆ ಅಳೆದರೆ 254 ಮಿ.ಮೀ. ಬರುತ್ತದೆ. ಚೈನನ್ನು ಎಳೆದು ನೇರ ಮಾಡಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿ, 259 ದಾಟಿದ್ದರೆ ಅದರ ಕಾಲ ಮುಗಿಯಿತು. ಸ್ಕೇಲ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ಕಟ್ಟಕಡೆಯ ತುದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲಿಗಿಂತ ಹೆಚ್ಚು ಕಾಣುವಷ್ಟು ಎದ್ದು ಬಂದರೆ ಅದೇ ತೀರ್ಪು.

ಬದಲಿಸುವಾಗ ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಿ. ಸವೆದ ಹಲ್ಲು ಕೊಕ್ಕೆಯಂತೆ ಬಾಗಿರುತ್ತದೆ, ಹೊಸ ಚೈನ್ ಅದರ ಮೇಲೆ ಕೂರದೆ ಬೇಗ ಹಾಳಾಗುತ್ತದೆ. ಮುಂದಿನದಕ್ಕೆ ಹಲ್ಲು ಕಡಿಮೆ, ಒಂದೊಂದು ಹಲ್ಲಿಗೂ ಕೆಲಸ ಹೆಚ್ಚು, ಆದ್ದರಿಂದ ಅದೇ ಮೊದಲು ಸವೆಯುತ್ತದೆ. ಅದನ್ನು ತಲುಪಲು ಗೇರ್ ಲಿವರ್ ತೆಗೆಯಬೇಕಾಗುತ್ತದೆ. ತೆಗೆಯುವ ಮುಂಚೆ ಲಿವರ್ ಮತ್ತು ಶಾಫ್ಟಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ಜೋಡಿಸುವಾಗ ಹುಡುಕಾಟ ಇರುವುದಿಲ್ಲ.

ಹಲ್ಲಿನ ಲೆಕ್ಕ ಬದಲಿಸಿ ಮೈಲೇಜ್ ಹೆಚ್ಚಿಸುವ ಮಾತು ಆಗಾಗ ಬರುತ್ತದೆ. ಮುಂದೆ 14, ಹಿಂದೆ 42 ಹಲ್ಲಿದ್ದರೆ ಅನುಪಾತ 3.0. ಮುಂದೆ 15 ಹಾಕಿದರೆ 2.8, ಅಂದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ 7ರಷ್ಟು ಕಡಿಮೆ ತಿರುಗುತ್ತದೆ. ಸಪಾಟು ಹೆದ್ದಾರಿಯಲ್ಲಿ ಒಬ್ಬರೇ ಓಡಿಸುವವರಿಗೆ ಇದು ಹಿತ. ಇಬ್ಬರು ಕೂತು ದಿಬ್ಬ ಹತ್ತುವಾಗ ಮಾತ್ರ ನಾಲ್ಕನೇ ಗೇರು ಎಳೆಯದೆ ಮೂರಕ್ಕೆ ಇಳಿಯಬೇಕಾಗುತ್ತದೆ, ಪೇಟೆಯಲ್ಲಿ ಕ್ಲಚ್ ಹೆಚ್ಚು ಸವೆಯುತ್ತದೆ. ಘಟ್ಟದ ಊರಿನಲ್ಲಿ ದಿನವೂ ಭಾರ ಹೊರುವ ಬೈಕಿಗೆ 13 ಹಾಕಿದರೆ 3.23, ಎಳೆತ ಸುಧಾರಿಸುತ್ತದೆ, ಎಂಜಿನ್ ಸದ್ದು ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ ಪೇಟೆಯ ಓಡಾಟಕ್ಕೆ ಕಂಪನಿ ಕೊಟ್ಟ ಲೆಕ್ಕವೇ ಸರಿ.

ಕವರನ್ನೇ ಪೂರ್ತಿ ಕಿತ್ತುಹಾಕುವ ಮಾಡಿಫಿಕೇಶನ್ ಮಾತ್ರ ದಯವಿಟ್ಟು ಬೇಡ. ಓ-ರಿಂಗ್ ಇಲ್ಲದ ಚೈನಿಗೆ ಅದೊಂದೇ ರಕ್ಷಣೆ. ಅದಕ್ಕಿಂತ ಮುಖ್ಯವಾದದ್ದು ಹಿಂದೆ ಕೂರುವವರ ಸೀರೆ, ದುಪಟ್ಟಾ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮ ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆನ್ನುತ್ತದೆ. ಸೀರೆ ಗಾರ್ಡನ್ನೂ ಅದೇ ಕಾರಣಕ್ಕೆ ಬಿಚ್ಚಬಾರದು.

ಈಗ ಬಿಗಿಮಾಡುವ ಕೆಲಸ. ಸ್ಪ್ಲೆಂಡರ್ ತರಹದ ಬೈಕುಗಳಲ್ಲಿ ಆಕ್ಸಲ್ ನಟ್ ಜೊತೆಗೆ ಸ್ಪ್ರಾಕೆಟ್ ಕಡೆ ದೊಡ್ಡದೊಂದು ಸ್ಲೀವ್ ನಟ್ ಇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಆಕ್ಸಲ್ ನಟ್ ಮಾತ್ರ ಸಡಿಲಿಸಿ, ಚಕ್ರವನ್ನು ಹಿಂದಕ್ಕೆಳೆಯುವ ಅಡ್ಜಸ್ಟರ್ ತಿರುಗಿಸಿದರೆ ಸ್ಪ್ರಾಕೆಟ್ ಕಡೆ ಅಲುಗುವುದಿಲ್ಲ, ಬ್ರೇಕ್ ಕಡೆ ಮಾತ್ರ ಹಿಂದಕ್ಕೆ ಸರಿದು ಚಕ್ರ ಓರೆಯಾಗುತ್ತದೆ, ಇಲ್ಲವೇ ಅಡ್ಜಸ್ಟರಿನ ಥ್ರೆಡ್ (ತಿರುಪಿನ ಗೆರೆ) ಕಿತ್ತುಹೋಗುತ್ತದೆ. ಎರಡೂ ನಟ್ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರನ್ನು ಕಾಲು ಸುತ್ತು ಕಾಲು ಸುತ್ತಾಗಿ ಸರಿಸಮ ತಿರುಗಿಸಿ. ಫೋರ್ಕಿನ ಮೇಲಿನ ಗೆರೆಗಳು ಎರಡೂ ಕಡೆ ಒಂದೇ ಲೆಕ್ಕಕ್ಕೆ ಬರಬೇಕು. ಬಿದ್ದು ಎದ್ದ ಬೈಕಿನಲ್ಲಿ ಆ ಗೆರೆಗಳನ್ನೇ ನಂಬಬೇಡಿ, ಪಿವೋಟ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಕಡೆ ದಾರ ಹಿಡಿದು ಅಳೆಯಿರಿ. ಮೊದಲು ಸ್ಲೀವ್ ನಟ್ ಬಿಗಿಮಾಡಿ. ಆಮೇಲೆ ಬ್ರೇಕ್ ಪೆಡಲ್ ಒತ್ತಿ ಹಿಡಿದು ಆಕ್ಸಲ್ ನಟ್ ಬಿಗಿದರೆ ಬ್ರೇಕ್ ಶೂ ಡ್ರಮ್ಮಿನ ನಟ್ಟನಡುವೆ ಕೂರುತ್ತದೆ. ಕೊನೆಯಲ್ಲಿ ಅಡ್ಜಸ್ಟರಿನ ಲಾಕ್ ನಟ್. ಬಿಗಿದ ಮೇಲೆ ಸಡಿಲವನ್ನು ಮತ್ತೆ ಅಳೆಯಿರಿ, ನಟ್ ಬಿಗಿಯುವಾಗ ಅಳತೆ ಸ್ವಲ್ಪ ಬದಲಾಗಿರುತ್ತದೆ.

ಚೈನ್ ಬಿಚ್ಚಿ ಹಾಕಿದ್ದರೆ, ಅದರ ಎರಡು ತುದಿ ಸೇರಿಸುವ ಕೊಂಡಿಯ ಲಾಕ್ ಕ್ಲಿಪ್ಪಿನ ದಿಕ್ಕು ನೋಡಿ. ಮೀನಿನಂತಿರುವ ಆ ಕ್ಲಿಪ್ಪಿನ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗಿರಬೇಕು. ಮೇಲಿನ ಸಾಲಿನಲ್ಲಿ ನೋಡಿದರೆ ತಲೆ ಎಂಜಿನ್ ಕಡೆಗೆ, ಸೀಳಿದ ಬಾಲ ಹಿಂದಕ್ಕೆ. ತಿರುಗುಮುರುಗಾದರೆ ಯಾವುದಕ್ಕಾದರೂ ತಾಗಿ ಕಳಚಿಹೋಗುತ್ತದೆ. ಹಳೆಯ ಕ್ಲಿಪ್ಪನ್ನು ಮತ್ತೆ ಬಳಸಬೇಡಿ.

ಹಿಂದಿನ ಚಕ್ರ ಹೊರಗೆ ತೆಗೆಯುವ ಸಂದರ್ಭ ಬಂದರೆ, ಪಂಕ್ಚರ್‌ಗಾಗಿಯೇ ಇರಲಿ, ಹತ್ತು ನಿಮಿಷ ಹೆಚ್ಚು ಕೊಡಿ. ಮೇಲೆ ಹೇಳಿದ ಸ್ಲೀವ್ ನಟ್ಟಿನಿಂದಾಗಿ ಸ್ಪ್ರಾಕೆಟ್ ಚೈನಿನ ಸಮೇತ ಫೋರ್ಕಿನಲ್ಲೇ ಉಳಿಯುತ್ತದೆ, ಚಕ್ರ ಮಾತ್ರ ಪಕ್ಕಕ್ಕೆ ಎಳೆದರೆ ಬರುತ್ತದೆ. ಆಕ್ಸಲ್ ಮೇಲಿನ ಬುಷ್ ಯಾವ ಕಡೆ ಇತ್ತು ಎಂದು ಮೊದಲೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಬ್ಬಿನೊಳಗೆ ಡ್ರಮ್ ರಬ್ಬರ್ ಕಾಣುತ್ತದೆ. ಎಂಜಿನ್ನಿನ ಹೊಡೆತವನ್ನು ಚಕ್ರಕ್ಕೆ ಮೆತ್ತಗೆ ದಾಟಿಸುವುದು ಅದೇ. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ‘ಟಕ್’ ಎಂದು ಜಗ್ಗುತ್ತಿದ್ದರೆ, ಚೈನಿನ ಸಡಿಲ ಸರಿಯಿದ್ದೂ ಆ ಜಗ್ಗು ನಿಲ್ಲದಿದ್ದರೆ, ತಪ್ಪು ಈ ರಬ್ಬರಿನದು. ಹಳೆಯ ಟ್ಯೂಬಿನ ತುಂಡು ತುರುಕಿ ಸಡಿಲ ಮುಚ್ಚುವ ಉಪಾಯ ಊರು ತಲುಪುವ ತನಕ ನಡೆಯುತ್ತದೆ, ಅದಕ್ಕಿಂತ ಹೆಚ್ಚಿಗೆ ಬೇಡ. ಎಲ್ಲ ರಬ್ಬರ್‌ಗಳನ್ನೂ ಒಟ್ಟಿಗೆ ಬದಲಿಸಿ. ಬೇರಿಂಗಿನ ಒಳಗೆ ಬೆರಳು ಹಾಕಿ ತಿರುಗಿಸಿ. ಮರಳು ಸಿಕ್ಕಂತೆ ಗರಗರ ಅಂದರೆ ಅಥವಾ ಬೆರಳಿಗೆ ಅಲುಗಾಟ ತಿಳಿದರೆ ಬದಲಿಸಿ, ಅಂಗಡಿಯಲ್ಲಿ ಕೇಳಬೇಕಾದ ನಂಬರು ಬೇರಿಂಗಿನ ಮೇಲೇ ಇರುತ್ತದೆ.

ಬ್ರೇಕ್ ಶೂಗಳನ್ನು ಹೊತ್ತ ಬ್ರೇಕ್ ಪ್ಲೇಟ್ ಹೊರಬಂದಾಗ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪಂಪಿನಿಂದಲೂ ಊದಬೇಡಿ. ಲೈನರಿನ (ಶೂ ಮೇಲಿನ ಸವೆಯುವ ಪದರದ) ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆದುಬಿಡಿ. ಲೈನರ್ ಮೇಲೆ ಕನ್ನಡಿಯಂತೆ ಹೊಳಪು ಬಂದಿದ್ದರೆ ಎಮರಿ ಪೇಪರಿನಿಂದ ಹಗುರಾಗಿ ಉಜ್ಜಿ. ಶೂಗಳನ್ನು ಅಗಲಿಸುವ ಕ್ಯಾಮ್ ತೆಗೆದು ಹಳೆಯ ಜಿಡ್ಡು ಒರೆಸಿ, ಅದರ ಶಾಫ್ಟಿಗೆ ಮತ್ತು ಶೂ ತಾಗುವ ಮೈಗೆ ತೆಳುವಾಗಿ ಗ್ರೀಸ್ ಸವರಿ. ಒಂದು ಚೂರು ಹೆಚ್ಚಾದರೂ ಬಿಸಿಗೆ ಕರಗಿ ಲೈನರಿಗೆ ಹರಿಯುತ್ತದೆ.

ಶೂ ಸವೆದಾಗ ಕೆಲವರು ಹೊರಗಿನ ಬ್ರೇಕ್ ಲಿವರನ್ನು ಒಂದು ಹಲ್ಲು ಹಿಂದಕ್ಕೆ ಕೂರಿಸಿ ಇನ್ನೂ ಕೆಲವು ದಿನ ಎಳೆಯುತ್ತಾರೆ. ಇದು ಪ್ರಾಣಕ್ಕೆ ಕುತ್ತು. ಕ್ಯಾಮ್ ತನ್ನ ಮಿತಿ ಮೀರಿ ಅಡ್ಡ ತಿರುಗಿದರೆ ಹಿಂದಕ್ಕೆ ಬರದೆ ಚಕ್ರ ಹಿಡಿದುಕೊಳ್ಳಬಹುದು. ಪೆಡಲ್ ಪೂರ್ತಿ ಒತ್ತಿದಾಗ ಲಿವರಿನ ಬುಡದ ಬಾಣದ ಗುರುತು ಪ್ಲೇಟಿನ ಮೇಲಿನ ಗುರುತಿಗೆ ಸೇರಿದರೆ ಶೂ ಬದಲಿಸಿ, ಬೇರೆ ದಾರಿ ಇಲ್ಲ. ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳಲು 100–200 ಕಿ.ಮೀ. ಬೇಕು, ಅಲ್ಲಿಯವರೆಗೆ ಬ್ರೇಕ್ ಹಿಡಿತ ಕಡಿಮೆಯೇ ಇರುತ್ತದೆ.

ಜೋಡಿಸುವಾಗ ಅತಿ ಮುಖ್ಯವಾದದ್ದು ಬ್ರೇಕ್ ಪ್ಲೇಟನ್ನು ಫೋರ್ಕಿಗೆ ಕಟ್ಟುವ ಟಾರ್ಕ್ ರಾಡ್. ಅದರ ನಟ್ ಬಿಗಿದು, ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ಹೊಸದನ್ನು ಹಾಕಿ. ಅದನ್ನು ಮರೆತರೆ ಮೊದಲ ಗಟ್ಟಿ ಬ್ರೇಕಿಗೇ ಪ್ಲೇಟ್ ಚಕ್ರದ ಜೊತೆ ತಿರುಗಿ, ರಾಡು ಮುರಿದು ಚಕ್ರ ಲಾಕ್ ಆಗುತ್ತದೆ. ಇನ್ನೊಬ್ಬರ ಕೈಯಲ್ಲಿ ಕೆಲಸ ಮಾಡಿಸಿದ್ದರೂ ಈ ಪಿನ್ನನ್ನು ಒಮ್ಮೆ ಕಣ್ಣಾರೆ ನೋಡಿಯೇ ಬೈಕ್ ಹತ್ತಿ.

ಚಕ್ರ ಹಿಂದಕ್ಕೆ ಸರಿದಷ್ಟೂ ಬ್ರೇಕ್ ರಾಡ್ ತಾನಾಗಿ ಬಿಗಿಯಾಗುತ್ತದೆ. ಚೈನ್ ಬಿಗಿಮಾಡಿದ ಮೇಲೆ ಮೈಲೇಜ್ ಬಿತ್ತು, ಡ್ರಮ್ ಸುಡುತ್ತಿದೆ ಎನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ರಾಡಿನ ತುದಿಯ ನಟ್ ತಿರುಗಿಸಿ ಪೆಡಲ್ಲಿಗೆ 20–30 ಮಿ.ಮೀ. ಖಾಲಿ ಓಡಾಟ ಬಿಡಿ, ಚಕ್ರ ಕೈಯಲ್ಲಿ ಹಗುರಾಗಿ ತಿರುಗಬೇಕು. ಏಪ್ರಿಲ್ 2019ರಿಂದ ಮಾರಾಟವಾದ 125 ಸಿಸಿವರೆಗಿನ ಬೈಕುಗಳಲ್ಲಿ ಸಿಬಿಎಸ್ (ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ) ಅಥವಾ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಸಿಬಿಎಸ್ ಇದ್ದರೆ ಹಿಂದಿನ ಪೆಡಲ್ ಮುಂದಿನ ಬ್ರೇಕನ್ನೂ ಎಳೆಯುತ್ತದೆ, ಆದ್ದರಿಂದ ಮುಂದಿನ ಚಕ್ರವನ್ನೂ ಎತ್ತಿ ತಿರುಗಿಸಿ ನೋಡಬೇಕು. ಬ್ರೇಕ್ ಲೈಟ್ ಸ್ವಿಚ್ಚಿನ ಅಡ್ಜಸ್ಟ್‌ಮೆಂಟೂ ತಪ್ಪಿರಬಹುದು, ಪೆಡಲ್ ಹಿಡಿಯಲು ಶುರುವಾಗುವ ಮುಂಚೆಯೇ ಲೈಟ್ ಹೊತ್ತಬೇಕು.

ಹೊಸ ಚೈನ್ ಸೆಟ್ ಹಾಕಿದ್ದರೆ ಮೊದಲ 100 ಕಿ.ಮೀ. ಆದ ಕೂಡಲೇ ರಬ್ಬರ್ ಮುಚ್ಚಳ ತೆಗೆದು ಮತ್ತೆ ಅಳೆಯಿರಿ. ಮೊದಲ ಸಡಿಲ ಬೇಗ ಬರುತ್ತದೆ, ಆಮೇಲೆ ನಿಧಾನ.