‘ತಡಕೋಬಹುದ್ರಿ’ ಅಂದದ್ದನ್ನು ನಾನು ಸೊನ್ನೆ ಅಂತ ಬರೆದುಕೊಂಡೆ

ಆಗ ನಾನು ಮೆಡಿಸಿನ್ ಪಿಜಿ, ಎರಡನೇ ವರ್ಷ. ಉತ್ತರ ಕರ್ನಾಟಕದ ಒಂದು ಆಸ್ಪತ್ರೆ. ಸೋಮವಾರದ ಓಪಿಡಿ ಅಂದರೆ ಬಾಗಿಲ ಹೊರಗೆ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಹನ್ನೆರಡರ ಹೊತ್ತಿಗೆ ನಲವತ್ತರ ಆಸುಪಾಸಿನ ಒಬ್ಬರು ಅಕ್ಕ ಬಂದು ಕೂತರು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವರು. “ಮೈಯೆಲ್ಲ ಬ್ಯಾನಿರಿ, ವರ್ಷ ಆತು” ಎಂದರು. ಕೈಯಲ್ಲಿ ದಪ್ಪ ಫೈಲು. ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡಿನ ಟಿಎಸ್‌ಎಚ್ ಎಲ್ಲ ನಾರ್ಮಲ್. ಕೀಲುಗಳಲ್ಲಿ ಬಾವಿಲ್ಲ.

ಫೈಬ್ರೊಮಯಾಲ್ಜಿಯಾ ಇರಬಹುದು ಅಂತ ಅನಿಸಿತು. ಮೈಯೆಲ್ಲ ನೋವು, ಸುಸ್ತು, ಮಲಗಿ ಎದ್ದರೂ ಹೋಗದ ಆಯಾಸ ಇರುವ ಕಾಯಿಲೆ ಅದು. ನಮ್ಮ ಓಪಿಡಿಯಲ್ಲಿ ಅದಕ್ಕೊಂದು ಅಚ್ಚು ಹಾಕಿದ ಫಾರಂ ಇತ್ತು. ಮನುಷ್ಯನ ಮುಂದಿನ, ಹಿಂದಿನ ಚಿತ್ರ, ಮೇಲೆ 18 ಚುಕ್ಕೆ. ಮೂರು ತಿಂಗಳು ಮೈಯೆಲ್ಲ ನೋವಿದ್ದು, 11 ಚುಕ್ಕೆಯಲ್ಲಿ ನೋವಾದರೆ ಹೌದು. ಇದು 1990ರ ಲೆಕ್ಕ.

ಹೆಬ್ಬೆರಳಲ್ಲಿ ಸುಮಾರು 4 ಕೆಜಿ ಭಾರ ಹಾಕಿ ಒತ್ತಬೇಕು. ಉಗುರು ಬೆಳ್ಳಗಾದರೆ ಅಷ್ಟು ಭಾರ ಬಿತ್ತು ಅಂತ. ತಲೆಯ ಹಿಂಬುಡದಿಂದ ಶುರು ಮಾಡಿದೆ. ಕತ್ತು, ಹೆಗಲು, ಎರಡನೇ ಪಕ್ಕೆಲುಬು, ಮೊಣಕೈಯ ಹೊರಬದಿ. ಪ್ರತಿ ಸಲ “ನೋವಾಗುತ್ತಾ?” ಅಂತ ಕೇಳುವುದು, ಟಿಕ್ ಹಾಕುವುದು. ಕೆಲವು ಕಡೆ “ಹೌದ್ರಿ” ಎಂದರು. ಇನ್ನು ಕೆಲವು ಕಡೆ ಸ್ವಲ್ಪ ತಡೆದು “ತಡಕೋಬಹುದ್ರಿ” ಎಂದರು. ಹಾಗೆ ಹೇಳುವಾಗ ಅವರ ಎಡಗೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಬೆರಳ ಗೆಣ್ಣುಗಳು ನನ್ನ ಉಗುರಿನ ಹಾಗೇ ಬೆಳ್ಳಗಾಗಿದ್ದವು. ಅದು ನನ್ನ ಕಣ್ಣಿಗೆ ಬಿತ್ತು. ಆದರೂ ಸೊನ್ನೆ ಹಾಕಿದೆ. ಯಾಕೆಂದರೆ ನಿಯಮ ಹಾಗಿದೆ: ರೋಗಿ ‘ನೋವು’ ಅಂತ ಬಾಯಿಬಿಟ್ಟು ಹೇಳಬೇಕು, ಬರೀ ಮುಟ್ಟಿದರೆ ಹಿತವಾಗಲ್ಲ ಅಂದರೆ ಸಾಲದು.

ಕೂಡಿಸಿದರೆ 9. ‘ಕ್ರೈಟೀರಿಯಾ ನಾಟ್ ಮೆಟ್’, ಅಂದರೆ ಲೆಕ್ಕಕ್ಕೆ ಸಾಲಲಿಲ್ಲ ಅಂತ ಬರೆದೆ. “ಏನೂ ಇಲ್ಲ ಅಕ್ಕಾ, ಸುಮ್ನೆ ಹೆದರಬೇಡಿ” ಅಂದು ಪ್ಯಾರಾಸಿಟಮಾಲ್, ಕ್ಯಾಲ್ಸಿಯಂ ಬರೆದು ಕಳಿಸಿದೆ. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ನೋವಿನ ಮಾತ್ರೆ ನುಂಗಿದ್ದಾರಾ ಅಂತ ಕೂಡ ಕೇಳಲಿಲ್ಲ. ನುಂಗಿದ್ದರಂತೆ. ಅದು ಆಮೇಲೆ ಗೊತ್ತಾಯಿತು.

ನಾಲ್ಕು ತಿಂಗಳ ಮೇಲೆ ಗಂಡನ ಜೊತೆ ಬಂದರು. ರೊಟ್ಟಿ ಕೆಲಸ ನಿಂತುಹೋಗಿತ್ತು. ಗಂಡ ನನ್ನ ಕಡೆ ತಿರುಗಿ, “ಏನೂ ಇಲ್ಲ ಅಂತ ನೀವ ಹೇಳಿದ್ರಲ್ರಿ” ಎಂದರು. ಮನೆಯಲ್ಲಿ ಎಲ್ಲರೂ ನಾಟಕ ಅಂತಿದ್ದರಂತೆ. ಆಕೆ ತಲೆ ತಗ್ಗಿಸಿ ಕೂತಿದ್ದರು. ನನ್ನ ಒಂದು ಮಾತು ಅವರ ಮನೆಯಲ್ಲಿ ನಾಲ್ಕು ತಿಂಗಳು ಓಡಾಡಿದೆ ಅಂತ ಆಗ ಅರ್ಥವಾಯಿತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಅವತ್ತು ಪಕ್ಕದಲ್ಲೇ ನಮ್ಮ ಯೂನಿಟ್ ಚೀಫ್ ಮೇಡಂ ಇದ್ದರು. ಫಾರಂ ಮುಟ್ಟಲಿಲ್ಲ. ಮೊದಲು ಬಿಪಿ ನೋಡಿದರು. ಪಟ್ಟಿ ಬಿಗಿಯಾಗುತ್ತಿದ್ದ ಹಾಗೇ ಆ ಅಕ್ಕ ಕಣ್ಣು ಮುಚ್ಚಿಕೊಂಡರು, ನೀರು ಇಳಿಯಿತು. “ಇದಕ್ಕೆ ನಿನ್ನ ಫಾರಂನಲ್ಲಿ ಚುಕ್ಕೆ ಇದೆಯಾ?” ಎಂದರು ಮೇಡಂ. ಆಮೇಲೆ ಕೀಲು, ಸ್ನಾಯುಗಳ ಬಲ ಎಲ್ಲ ನಿಧಾನವಾಗಿ ನೋಡಿದರು, ಬೇರೆ ಕಾಯಿಲೆ ಅಡಗಿದೆಯಾ ಅಂತ. ಕೊನೆಗೆ ನಿದ್ದೆ ಹೇಗೆ ಅಂತ ಕೇಳಿದರು.

“ಮಲಗತೀನ್ರಿ. ಏಳೂ ಮುಂದ ರಾತ್ರಿಯೆಲ್ಲ ಯಾರೋ ಬಡದಂಗ ಇರತೈತಿ.”

ಅಲ್ಲೇ ಎಲ್ಲ ಇತ್ತು. ನಾನು ಕೇಳಿರಲೇ ಇಲ್ಲ.

18 ಚುಕ್ಕೆಯ ಲೆಕ್ಕ ಮಾಡಿದ್ದು ಮುಖ್ಯವಾಗಿ ಸಂಶೋಧನೆಗೆ, ಎಲ್ಲರೂ ಒಂದೇ ಥರದ ರೋಗಿಗಳನ್ನು ಆರಿಸಿಕೊಳ್ಳಲಿ ಅಂತ. ಅದನ್ನು ಮಾಡಿದ, ಕೀಲು-ಸ್ನಾಯು ಕಾಯಿಲೆಗಳ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯೇ 2010ರ ಹೊಸ ಮಾನದಂಡದಲ್ಲಿ ಒತ್ತಿ ಎಣಿಸುವುದನ್ನು ಬಿಟ್ಟಿತು. ಈಗ ಮೈಯ 19 ಭಾಗಗಳಲ್ಲಿ ಕಳೆದ ವಾರ ಎಲ್ಲೆಲ್ಲಿ ನೋವಿತ್ತು ಅಂತ ಕೇಳಬೇಕು. ಸುಸ್ತು, ಎದ್ದಾಗಿನ ಆಯಾಸ, ಮರೆವು ಎಷ್ಟು ಅಂತ ಕೇಳಬೇಕು. ಅವಕ್ಕೂ ಅಂಕ ಇದೆ. ಮೊದಲನೆಯದು ಕನಿಷ್ಠ 7, ಎರಡನೆಯದು ಕನಿಷ್ಠ 5 ಇದ್ದರೆ ಸಾಕು. ಆ ಅಕ್ಕನದು 14 ಮತ್ತು 8.

ಗಂಡಸರ ವಿಷಯದಲ್ಲಿ ಹಳೆಯ ಲೆಕ್ಕ ಇನ್ನೂ ಜಾಸ್ತಿ ತಪ್ಪುತ್ತದೆ. ಅವರಲ್ಲಿ 11 ಚುಕ್ಕೆ ಸಿಗುವುದು ಕಡಿಮೆ. ಆಮೇಲೆ ನನ್ನ ಹತ್ತಿರ ಬಂದ ಒಬ್ಬ ಬಸ್ ಡ್ರೈವರ್ ಅಣ್ಣನಿಗೆ ಐದೇ ಸಿಕ್ಕಿದ್ದವು, ನೋವು ಮಾತ್ರ ಆ ಅಕ್ಕನಿಗಿದ್ದಷ್ಟೇ ಇತ್ತು.

ನಮ್ಮ ಮ್ಯಾನೇಜ್‌ಮೆಂಟಿಗೆ ಇದನ್ನು ಹೇಳಿ ಸಾಕಾಗಿದೆ. ಅಚ್ಚಿನ ಫಾರಂ ಹೋಗಿ ಕಂಪ್ಯೂಟರ್ ಬಂತು, ಅದರಲ್ಲೂ ‘ಟೆಂಡರ್ ಪಾಯಿಂಟ್ ಕೌಂಟ್’, ಅಂದರೆ ಅದೇ ಚುಕ್ಕೆಗಳ ಎಣಿಕೆ, ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಒಬ್ಬ ರೋಗಿಗೆ ನಾಲ್ಕು ನಿಮಿಷ ಕೊಟ್ಟರೆ ಎಣಿಸಬಹುದು, ನಿದ್ದೆಯ ಕಥೆ ಕೇಳೋಕೆ ಆಗಲ್ಲ. ಮೊನ್ನೆಯೂ ಮೇಲ್ ಹಾಕಿದ್ದೇನೆ.

ಆ ಅಕ್ಕ ಎರಡನೇ ಸಲ ಬಂದ ದಿನ ಅವರ ಗಂಡನನ್ನು ಎದುರಿಗೆ ಕೂರಿಸಿಕೊಂಡು “ಅವತ್ತು ತಪ್ಪು ಹೇಳಿದ್ದು ನಾನು, ಇವರಿಗೆ ನಿಜವಾಗಿ ನೋವಿದೆ” ಎಂದೆ. ರಾತ್ರಿಗೆ ನೋವು, ನಿದ್ದೆ ಎರಡಕ್ಕೂ ಕಡಿಮೆ ಡೋಸಿನ ಅಮಿಟ್ರಿಪ್ಟಿಲಿನ್ ಮಾತ್ರೆ, ದಿನಾ ಸ್ವಲ್ಪ ಸ್ವಲ್ಪ ನಡಿಗೆ. ನೋವು ಪೂರ್ತಿ ಹೋಗಲಿಲ್ಲ. ಅರ್ಧ ದಿನ ರೊಟ್ಟಿ ಬಡಿಯುವಷ್ಟಾಯಿತು.

ಮೂರನೇ ಫಾಲೋ ಅಪ್‌ನಲ್ಲಿ ಬಿಪಿ ಪಟ್ಟಿ ಸುತ್ತುತ್ತಿದ್ದೆ. ಅವರು ನನ್ನ ಕೈ ಹಿಡಿದು ತಡೆದರು. “ಮೆಲ್ಲಕ ಏರಸ್ರಿ ಡಾಕ್ಟ್ರ, ಭಾಳ ನೋಯತೈತಿ” ಎಂದರು.