1972ರ ಫೇರ್‌ಲೇಡಿ: ಬಣ್ಣಕ್ಕಿಂತ ಮೊದಲು ಕಾಗದ

ಕಲಬುರಗಿ, 16 ನವೆಂಬರ್ 2025, ರವಿವಾರ

ಇವತ್ತು ಮೇಜಿನ ಮೇಲಿರುವುದು ಜಪಾನಿನಿಂದ ಬಂದ ಒಂದು ಹರಾಜು ಹಾಳೆ (ಹರಾಜಿನವರು ಗಾಡಿಯ ಸ್ಥಿತಿ ಬರೆದುಕೊಡುವುದು), ನೋಂದಣಿ ಪತ್ರದ ನಕಲು, ಒಂದಿಷ್ಟು ಫೋಟೊ. ಗಾಡಿ ನಿಸ್ಸಾನ್ ಫೇರ್‌ಲೇಡಿ ಝಡ್. ಹೊರದೇಶಗಳಲ್ಲಿ ಡಾಟ್ಸನ್ 240ಝಡ್ ಅಂತ ಹೆಸರಾದದ್ದು ಇದೇ ಮೈಕಟ್ಟು. ಕೊಳ್ಳಬೇಕು ಅಂತಿರುವವರು ನಮ್ಮ ಊರಿನವರೇ. ಕಿತ್ತಳೆ ಬಣ್ಣ ನೋಡಿ ಆಗಲೇ ಮನಸ್ಸು ಕೊಟ್ಟುಬಿಟ್ಟಿದ್ದಾರೆ. ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಸಬಹುದು, ಕಾಗದ ತಪ್ಪಿದರೆ ಮಾತ್ರ ಗಾಡಿ ಬಂದರಿನಲ್ಲೇ ಕೂರುತ್ತದೆ.

ಮೊದಲು ಕಾನೂನು. ಯೂಟ್ಯೂಬ್ ನೋಡಿ ಬರುವ ಹುಡುಗರೆಲ್ಲ ‘25 ವರ್ಷದ ರೂಲ್’ ಅಂತಾರೆ, ಅಂದರೆ 25 ವರ್ಷ ದಾಟಿದ ಗಾಡಿಯನ್ನು ತರಿಸಬಹುದು ಅಂತ. ಅದು ಅಮೆರಿಕದ್ದು, ನಮಗೆ ಸಂಬಂಧವಿಲ್ಲ. ನಮ್ಮಲ್ಲಿಗೆ ಬಳಸಿದ ಕಾರು ತರಿಸಬೇಕಂದ್ರೆ ಅದು ತಯಾರಾಗಿ 3 ವರ್ಷ ದಾಟಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಇಳಿಯುವುದು ಮುಂಬೈಯಲ್ಲೇ. ಇನ್ನೊಂದು ದಾರಿ ವಿಂಟೇಜ್ ಗಾಡಿಗಳದ್ದು. ಮೊದಲು ಅದು 1950ಕ್ಕಿಂತ ಹಿಂದಿನ ಗಾಡಿಗಳಿಗೆ ಮಾತ್ರ ಇತ್ತು. ಜಪಾನಿನ ಗಾಡಿ ಬೇಕೆನ್ನುವವರಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ, ಜನ ಹುಡುಕಿಕೊಂಡು ಹೋಗುವ ಅಲ್ಲಿಯ ಕಾರುಗಳೆಲ್ಲ 1960ರ ದಶಕದಿಂದ ಈಚಿನವು. 2025ರಲ್ಲಿ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಆ ಗೆರೆ ಅಳಿಸಿ, 50 ವರ್ಷ ದಾಟಿದ ಗಾಡಿಗಳ ಆಮದಿಗೆ ಲೈಸೆನ್ಸ್ ಬೇಡ ಅಂದಿತು. ವರ್ಷ ಕಳೆದಂತೆ ಗೆರೆಯೂ ಮುಂದೆ ಸರಿಯುತ್ತದೆ. 3ಕ್ಕೂ 50ಕ್ಕೂ ನಡುವಿನದು ಈ ಎರಡೂ ದಾರಿಯಲ್ಲಿ ಬರುವುದಿಲ್ಲ. 1989ರ ನಿಸ್ಸಾನ್ ಆರ್32 ಸ್ಕೈಲೈನ್ ಬೇಕಂದ್ರೆ 2039ರ ತನಕ ಕಾಯಬೇಕು. ಅದಕ್ಕೂ ಈಚಿನ ಆರ್34, ಸುಪ್ರಾ ಅಂತ ಕೇಳುವವರಿಗೆ ಚಹಾ ಕುಡಿಸಿ ಕಳಿಸುವುದೇ ಲೇಸು.

50 ವರ್ಷ ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲಿ ಒಂದು ತೊಡಕಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ ವಿಂಟೇಜ್ ನಿಯಮ ಮೊದಲ ನೋಂದಣಿಯ ದಿನದಿಂದ ಎಣಿಸುತ್ತದೆ. ಗಾಡಿ 1974ರಲ್ಲಿ ತಯಾರಾಗಿ, ಅಂಗಡಿಯಲ್ಲೇ ನಿಂತು 1976ರಲ್ಲಿ ನೋಂದಣಿ ಆಗಿದ್ದರೆ 2025ರಲ್ಲಿ ಆರ್‌ಟಿಒ ಮುಂದೆ ಅದು ವಿಂಟೇಜ್ ಅಲ್ಲ. ತಯಾರಿ, ನೋಂದಣಿ ಎರಡರಲ್ಲಿ ತಡವಾದದ್ದನ್ನೇ ಹಿಡಿದು ಲೆಕ್ಕ ಹಾಕಬೇಕು.

ಜಪಾನಿನ ನೋಂದಣಿ ಪತ್ರದಲ್ಲಿ ಇಸವಿ ನೇರವಾಗಿ ಇರುವುದಿಲ್ಲ. ಚಕ್ರವರ್ತಿಯ ಕಾಲದ ಲೆಕ್ಕ ಇರುತ್ತದೆ. ಷೋವಾ ವರ್ಷಕ್ಕೆ 1925 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಈ ಗಾಡಿಯದು ಷೋವಾ 47, ಅಂದರೆ 1972. ಸರಿ ಇದೆ. ಹೀಸೇ ಅಂತ ಬರೆದಿದ್ದರೆ ಅಲ್ಲೇ ನಿಲ್ಲಬೇಕು, ಯಾಕಂದ್ರೆ ಅದು 1989ರಿಂದ ಶುರುವಾದ ಲೆಕ್ಕ. 1971ರ ಗಾಡಿಗೆ ಹೀಸೇ ನೋಂದಣಿ ಹೇಗೆ ಬರುತ್ತದೆ? ಅಮೆರಿಕಕ್ಕೆ ಹೋಗಿ ಮರಳಿ ಬಂದ ಗಾಡಿಗೆ ಜಪಾನಿನಲ್ಲಿ ಹೊಸದಾಗಿ ನೋಂದಣಿ ಆಗಿರುತ್ತದೆ. ಅಂಥ ಗಾಡಿಯ ಚಾಸಿ ನಂಬರು ಸಾಮಾನ್ಯವಾಗಿ ಎಚ್‌ಎಲ್‌ಎಸ್30 ಅಂತ ಶುರುವಾಗುತ್ತದೆ. ಆ ‘ಎಲ್’ ಎಡಗಡೆ ಸ್ಟೇರಿಂಗಿನ ಗುರುತು. ನಮಗೆ ಬೇಕಾದದ್ದು ಎಸ್30, ಅಂದರೆ 2 ಲೀಟರಿನ ಎಲ್20 ಇಂಜಿನ್. ಇಲ್ಲವೇ ಎಚ್‌ಎಸ್30, ಅಂದರೆ 2393 ಸಿಸಿಯ ಎಲ್24. ಎರಡೂ ಆರು ಸಿಲಿಂಡರಿನವು.

ಗಾಡಿ ಕೈ ಬಿಡುವಂತೆ ಮಾಡುವುದು ಹೆಚ್ಚಾಗಿ ಇಂಜಿನ್ನೇ. ಜಪಾನಿನಲ್ಲಿ ಝಡ್ ಇಟ್ಟುಕೊಂಡವರು ಮೂಲ ಇಂಜಿನ್ ಇಳಿಸಿ 2.8 ಲೀಟರಿನ ಎಲ್28 ಏರಿಸುವುದು, ಮೂರು ಕಾರ್ಬುರೇಟರ್ ಕೂರಿಸುವುದು, ಮಡ್‌ಗಾರ್ಡಿಗೆ ಅಗಲದ ತುಂಡು ಬಡಿಯುವುದು ತೀರಾ ಸಾಮಾನ್ಯ. ಅಲ್ಲಿಯ ತಪಾಸಣೆ ಕಚೇರಿ ಒಪ್ಪಿದ ಮಾರ್ಪಾಡಾದರೆ ಪತ್ರದಲ್ಲಿ ಮಾಡೆಲ್ ಕೋಡಿನ ಕೊನೆಗೆ ‘ಕಾಯ್’ ಅನ್ನುವ ಒಂದೇ ಒಂದು ಜಪಾನಿ ಅಕ್ಷರ (改) ಸೇರಿಸುತ್ತಾರೆ. ಆ ಅಕ್ಷರದ ಆಕಾರ ಗುರುತಿಟ್ಟುಕೊಳ್ಳಿ. ನಮ್ಮ ವಿಂಟೇಜ್ ನಿಯಮ ಕೇಳುವುದು ಮೂಲ ರೂಪ. ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು. ಜಪಾನಿನಲ್ಲಿ ಅದು ಕಾನೂನುಬದ್ಧ, ಇಲ್ಲಿ ಅಡ್ಡಿ. ಹರಾಜಿನಲ್ಲಿ ಸಪ್ಪೆ ಕಾಣುವ, ಕಬ್ಬಿಣದ ಚಕ್ರದ, ಎರಡೇ ಕಾರ್ಬುರೇಟರಿನ ಗಾಡಿಯೇ ನಮ್ಮ ಪಾಲಿಗೆ ಒಳ್ಳೆಯದು.

ಇನ್ನೂ ಒಂದು: ಜಪಾನಿನ ಪತ್ರದಲ್ಲಿ ಇಂಜಿನ್ನಿನ ಮಾದರಿ, ಅಂದರೆ ಎಲ್20 ಅಂತಷ್ಟೇ ಇರುತ್ತದೆ, ಇಂಜಿನ್ ನಂಬರು ಇರುವುದಿಲ್ಲ. ನಮ್ಮ ಅರ್ಜಿಯಲ್ಲಿ ನಂಬರಿಗೇ ಒಂದು ಕಲಂ ಇದೆ. ಹಾಗಾಗಿ ಗಾಡಿ ಹಡಗು ಹತ್ತುವ ಮೊದಲೇ ಬ್ಲಾಕಿನ ಬಲಮಗ್ಗುಲಲ್ಲಿ, ಹೆಡ್ ಕೂಡುವ ಜಾಗದ ಕೆಳಗೆ ಕೊರೆದ ನಂಬರಿನ ಫೋಟೊ ತರಿಸಿ, ಅದನ್ನು ಇನ್‌ವಾಯ್ಸಿನಲ್ಲೂ ಬರೆಸಬೇಕು. ಚಾಸಿ ನಂಬರು ಫೈರ್‌ವಾಲ್ ತಗಡಿನ ಮೇಲೆ, ಅಂದರೆ ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯ ಮೇಲೆ ಇದೆ. ಈಗಿನ 17 ಅಕ್ಷರದ ವಿಐಎನ್ (ವಾಹನ ಗುರುತಿನ ನಂಬರು) ಆ ಕಾಲದಲ್ಲಿ ಇರಲಿಲ್ಲ. ಕಂಪ್ಯೂಟರ್ ಒಪ್ಪುತ್ತಿಲ್ಲ ಅಂತ ಮುಂದೆ ಸೊನ್ನೆ ತುಂಬಿಸುವುದು, ನಡುವಿನ ಗೆರೆ ನುಂಗುವುದು ಮಾಡಿದರೆ ಬಿಲ್ ಆಫ್ ಲೇಡಿಂಗಿನಲ್ಲಿ (ಹಡಗಿನವರು ಮಾಲಿಗೆ ಕೊಡುವ ಪತ್ರ) ಒಂದು ನಂಬರು, ವಿಮೆಯಲ್ಲಿ ಇನ್ನೊಂದು ನಂಬರು ಆಗಿಬಿಡುತ್ತದೆ. ತಗಡಿನ ಮೇಲೆ ಹೇಗಿದೆಯೋ ಹಾಗೇ ಎಲ್ಲ ಕಾಗದದಲ್ಲೂ ಇರಲಿ.

ಇನ್ನು ಹರಾಜು ಹಾಳೆ. ಹೊಸ ಗಾಡಿಗೆ 4, 4.5 ಅಂತ ಅಂಕ ಕೊಡುತ್ತಾರೆ. ಇಷ್ಟು ಹಳೆಯದಕ್ಕೆ ಬಹಳ ಸಲ ಅಂಕವೇ ಇರುವುದಿಲ್ಲ, ಅಥವಾ ರಿಪೇರಿ ಆದದ್ದು ಅನ್ನುವ ‘ಆರ್’ ಇರುತ್ತದೆ. ಆರ್ ಕಂಡು ಹೆದರಬೇಕಿಲ್ಲ. ಗಾಡಿಯ ಚಿತ್ರದ ಮೇಲಿನ ಅಕ್ಷರಗಳನ್ನು ಓದಿ: ‘ಎ’ ಗೀರು, ‘ಯು’ ತಗ್ಗು, ‘ಡಬ್ಲ್ಯು’ ತಿದ್ದಿ ಬಣ್ಣ ಹೊಡೆದದ್ದು, ‘ಎಸ್’ ತುಕ್ಕು, ‘ಸಿ’ ತಗಡನ್ನೇ ತಿಂದ ತುಕ್ಕು. ಪಕ್ಕದ ಅಂಕಿ ದೊಡ್ಡದಾದಷ್ಟು ಹಾನಿ ದೊಡ್ಡದು. ನಮ್ಮ ಹಾಳೆಯಲ್ಲಿ ಎರಡೂ ಹಿಂದಿನ ಚಕ್ರದ ಕಮಾನಿನ ಮೇಲೆ ‘ಡಬ್ಲ್ಯು2’ ಇದೆ, ಎಲ್ಲೂ ‘ಸಿ’ ಇಲ್ಲ. ನನಗೆ ಇದೇ ಅನುಮಾನ. ಝಡ್ ಮೊದಲು ಕೊಳೆಯುವುದೇ ಆ ಕಮಾನಿನಲ್ಲಿ ಮತ್ತು ಬಾಗಿಲಿನ ಹಿಂದಿನ ಕೆಳಮೂಲೆಯಲ್ಲಿ. ಒಳಗೆ ತುಕ್ಕು ಇಟ್ಟುಕೊಂಡು ಮೇಲೆ ಪುಟ್ಟಿ ತುಂಬಿದ್ದರೂ ಹಾಳೆಯಲ್ಲಿ ಬರುವುದು ‘ಡಬ್ಲ್ಯು’ ಅಂತಲೇ. ಹರಾಜಿನ ಪರೀಕ್ಷಕರು ಮ್ಯಾಗ್ನೆಟ್ ಹಿಡಿದು ಸುತ್ತುವವರಲ್ಲ. ಬ್ಯಾಟರಿ ಟ್ರೇ ಕೆಳಗೆ ಆಸಿಡ್ ಸೋರಿ ಫ್ರೇಮ್ ರೇಲ್ ತನಕ ಇಳಿಯುತ್ತದೆ. ವೈಪರ್ ಕೆಳಗಿನ ತೂಬು ಕಟ್ಟಿಕೊಂಡರೆ ನೀರು ನಿಂತು ಮುಂಭಾಗದ ನೆಲ ಕೊಳೆಯುತ್ತದೆ. ಹಿಂದೆ ಸ್ಟೆಪ್ನಿ ಇಡುವ ಗುಳಿಯನ್ನೂ ನೋಡಬೇಕು. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಹೊಕ್ಕೈದೊ ಕಡೆಯ ಗಾಡಿಯಾದರೆ ನನ್ನ ಸಲಹೆ ಸೀದಾ ಬೇಡ ಅಂತ.

ದುಡ್ಡಿನ ಲೆಕ್ಕ. ಸುಂಕ ಬೀಳುವುದು ಗಾಡಿಯ ಬೆಲೆಯ ಮೇಲಷ್ಟೇ ಅಲ್ಲ. ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರೂ ಸೇರಿದ ಸಿಐಎಫ್ ಮೇಲೆ. ವಿಮೆಯ ರಸೀದಿ ಇಲ್ಲದಿದ್ದರೆ ಕಸ್ಟಮ್ಸ್‌ನವರು ಎಫ್‌ಒಬಿ ಬೆಲೆಯ (ಬಾಡಿಗೆ, ವಿಮೆ ಸೇರದ, ಹಡಗು ಹತ್ತಿಸುವ ತನಕದ ಬೆಲೆ) ಶೇ 1.125 ಹಿಡಿಯುತ್ತಾರೆ, ಬಾಡಿಗೆಯ ರಸೀದಿ ಇಲ್ಲದಿದ್ದರೆ ಶೇ 20. ರಸೀದಿ ಇಟ್ಟುಕೊಳ್ಳದಿದ್ದರೆ ನಷ್ಟ ನಮ್ಮದೇ. ಕಸ್ಟಮ್ಸ್ ಸುಂಕ ಕೂಡಿಸಿದ ಮೊತ್ತದ ಮೇಲೆ ಜಿಎಸ್‌ಟಿ. 1200 ಸಿಸಿ ಅಥವಾ 4 ಮೀಟರ್ ದಾಟಿದ ಪೆಟ್ರೋಲ್ ಕಾರಿಗೆ 22 ಸೆಪ್ಟೆಂಬರ್ 2025ರಿಂದ ಅದು ಶೇ 40. ಝಡ್ ಎರಡನ್ನೂ ದಾಟಿದೆ. ಲೆಕ್ಕದ ರೀತಿ ತಿಳಿಯಲಿ ಅಂತ ಸಿಐಎಫ್ 10 ಲಕ್ಷ, ಕಸ್ಟಮ್ಸ್ ಬಾಬತ್ತೆಲ್ಲ ಸೇರಿ ಶೇ 125 ಅಂತ ಹಿಡಿಯೋಣ. ಸುಂಕ 12.5 ಲಕ್ಷ, ಒಟ್ಟು 22.5 ಲಕ್ಷ. ಅದರ ಮೇಲೆ ಜಿಎಸ್‌ಟಿ 9 ಲಕ್ಷ. ಕೈಗೆ ಬರುವಾಗ 31.5 ಲಕ್ಷ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್ ಕಚೇರಿಗೆ ಕೊಡುವ ಆಮದು ಘೋಷಣೆ) ಹಾಕಿದ ದಿನ, ಹಡಗಿಗೆ ಬಂದರಿನೊಳಗೆ ಪ್ರವೇಶ ಸಿಕ್ಕ ದಿನ, ಈ ಎರಡರಲ್ಲಿ ತಡವಾದ ದಿನ ಯಾವ ದರ ಇದೆಯೋ ಅದೇ ನಿಜವಾದ ದರ. ಬಜೆಟ್ ಹೊತ್ತಿಗೆ ಹಡಗು ನೀರಲ್ಲಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕೆಲವು ಏಜೆಂಟರು ‘ಸಂಗ್ರಹಯೋಗ್ಯ ವಸ್ತು ಅಂತ ಸುಂಕದ ಪಟ್ಟಿಯ 9705ನೇ ಶೀರ್ಷಿಕೆಯಲ್ಲಿ ಹಾಕಿಸೋಣ, ಸುಂಕ ಕಡಿಮೆ’ ಅಂತ ಆಸೆ ತೋರಿಸುತ್ತಾರೆ. ಯುರೋಪಿನಲ್ಲಿ 30 ವರ್ಷ ದಾಟಿದ, ಮೂಲ ರೂಪದ ಗಾಡಿಗೆ ಆ ದಾರಿ ಇದೆ. ಇಲ್ಲಿ ಕಾರಿನ ಶೀರ್ಷಿಕೆ 8703. ಏಜೆಂಟರ ಮಾತು ನಂಬಿ 9705 ಬರೆದು, ಆಮೇಲೆ ವ್ಯತ್ಯಾಸದ ಜೊತೆ ದಂಡ ಕಟ್ಟುವ ಬದಲು, ಗಾಡಿ ಕೊಳ್ಳುವ ಮೊದಲೇ ಮುಂಬೈಯ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಲಿಖಿತ ಉತ್ತರ ತಗೊಳ್ಳಬಹುದು.

ಹಡಗಿನ ವಿಷಯ. ರೋ-ರೋ ಹಡಗಾದರೆ ಗಾಡಿ ಓಡಿಸಿಕೊಂಡು ಹತ್ತಿಸುತ್ತಾರೆ, ಒಳಗೆ ಒಂದು ಪಾನಾ ಕೂಡ ಇಡುವಂತಿಲ್ಲ. ಝಡ್‌ಗೆ ನಾನು ಕಂಟೇನರ್ ಅಂತೀನಿ. 20 ಅಡಿಯ ಕಂಟೇನರಿನ ಒಳಗೆ 5.9 ಮೀಟರ್ ಉದ್ದವಿದೆ, ಗಾಡಿ ಇರುವುದು 4.1 ಮೀಟರ್. ಉಳಿದ ಜಾಗಕ್ಕೆ ಬಿಡಿಭಾಗ ತುಂಬಬಹುದು, ಆದರೆ ಪ್ಯಾಕಿಂಗ್ ಲಿಸ್ಟಿನಲ್ಲಿ ಪ್ರತಿಯೊಂದೂ ಬೆಲೆ ಸಮೇತ ಬೇರೆ ಸಾಲಿನಲ್ಲಿ, ಅದರದರ ಸುಂಕದ ಶೀರ್ಷಿಕೆಯಡಿ ಇರಬೇಕು. ಡಿಕ್ಕಿಯಲ್ಲಿ ಸುಮ್ಮನೆ ತುರುಕಿದ ಹೆಡ್‌ಲೈಟೊಂದು ಸಿಕ್ಕರೂ ಇಡೀ ಮಾಲು ತಪ್ಪು ಘೋಷಣೆ ಅಂತ ನಿಲ್ಲುತ್ತದೆ. ಅಡಿಗೆ ಇಡುವ ಮರದ ತುಂಡಿಗೂ ಐಎಸ್‌ಪಿಎಂ-15 ಮುದ್ರೆ, ಅಂದರೆ ಹುಳ ಹರಡದಂತೆ ಸಂಸ್ಕರಿಸಿದ್ದಕ್ಕೆ ಗುರುತು, ಬೇಕು. ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನದೊಳಗೆ ಹಾಕಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಮಾಲು ಬಿಡಿಸಲು ತಡವಾದದ್ದಕ್ಕೆ ಬಂದರಿನ ಡೆಮರೇಜ್ ಬೇರೆ. ರಫ್ತಿಗಾಗಿ ನೋಂದಣಿ ರದ್ದಾದ ಪತ್ರದ ಮೂಲಪ್ರತಿ ಮತ್ತು ಅದರ ಇಂಗ್ಲಿಷ್ ಅನುವಾದ ಹಡಗಿಗಿಂತ ಮೊದಲೇ ಕೊರಿಯರಿನಲ್ಲಿ ಬಂದಿರಬೇಕು. ಮುಂಬೈ ಬಂದರು, ಅದರ ಹತ್ತಿರದ ನ್ಹಾವಾ ಶೇವಾ ಬಂದರು ಎರಡೂ ಬೇರೆ ಬೇರೆ ಕಸ್ಟಮ್ಸ್ ಕಚೇರಿಗಳು. ಯಾವುದರಲ್ಲಿ ಇಳಿಸಬೇಕು ಅಂತ ಏಜೆಂಟರಿಂದ ಬರಹದಲ್ಲಿ ಪಡೆದೇ ಬುಕ್ ಮಾಡಿಸಿ.

ಅಲ್ಲಿಂದ ಇಲ್ಲಿಗೆ ಪುಣೆ, ಸೊಲ್ಲಾಪುರ, ಅಕ್ಕಲಕೋಟ ಮೇಲೆ ಫ್ಲಾಟ್‌ಬೆಡ್ ಲಾರಿಯಲ್ಲೇ. ನೋಂದಣಿ ಇಲ್ಲದೆ ಚಕ್ರ ರಸ್ತೆಗೆ ಇಳಿಯುವಂತಿಲ್ಲ. ಆರ್‌ಟಿಒಗೆ ಫಾರಂ 20, ವಿಮೆ, ಬಿಲ್ ಆಫ್ ಎಂಟ್ರಿ, 20,000 ರೂಪಾಯಿ ಶುಲ್ಕ. ನೋಂದಣಿ 10 ವರ್ಷಕ್ಕೆ, ಮರುನೋಂದಣಿಗೆ 5,000. ನಂಬರಿನಲ್ಲಿ ಕೆಎ ಆದಮೇಲೆ ‘ವಿಎ’ ಬರುತ್ತದೆ, ನಮ್ಮ 32 ಇರುವುದಿಲ್ಲ. ಓಡಿಸಲು ಬಿಡುವುದು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿ ಇಷ್ಟಕ್ಕೇ. ದಿನಾ ಸೂಪರ್ ಮಾರ್ಕೆಟ್‌ಗೆ ಹೋಗಿಬರಲು ಅಂತ ಯಾರಾದರೂ ಅಂದುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ.

ಓಡದಿದ್ದರೂ ನಿಂತಲ್ಲೇ ಕೆಡುವ ಗಾಡಿ ಇದು. ನಮ್ಮ ಪಂಪುಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಹಳೇ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ನೀರು ಇಳಿಸುತ್ತದೆ. ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಪೆಟ್ರೋಲ್ ಹೋಸ್ ಅಷ್ಟೂ ಬದಲಿಸಿ, ಮೈಮೇಲೆ ‘ಎಸ್‌ಎಇ ಜೆ30 ಆರ್9’ ಮುದ್ರೆ ಇರುವುದನ್ನೇ ತಗೊಳ್ಳಿ. ಎಸ್‌ಯು ಮಾದರಿಯ ಹಿಟಾಚಿ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ನಾಝಲ್ ನಟ್ಟನ್ನು ಪೂರ್ತಿ ಮೇಲೇರಿಸಿ ಎರಡೂವರೆ ಸುತ್ತು ಇಳಿಸಿ ಶುರು ಮಾಡಬೇಕು. ಇ20ಯಲ್ಲಿ ಮಿಶ್ರಣ ತೆಳುವಾಗುವುದರಿಂದ (ಗಾಳಿ ಹೆಚ್ಚು, ಇಂಧನ ಕಡಿಮೆ) ಇನ್ನೂ ಸ್ವಲ್ಪ ಇಳಿಸಬೇಕಾಗುತ್ತದೆ. ಎಷ್ಟು ಅನ್ನುವುದನ್ನು ಪ್ಲಗ್ಗಿನ ಬಣ್ಣ ನೋಡಿ ತೀರ್ಮಾನಿಸಿ. ಬೆಳ್ಳಗಿದ್ದರೆ ಇನ್ನೂ ತೆಳು. ಈ ಇಂಜಿನ್ನಿನಲ್ಲಿ ಕಾರ್ಬುರೇಟರೂ ಎಕ್ಸಾಸ್ಟೂ ಒಂದೇ ಮಗ್ಗುಲಿಗೆ, ಒಂದರ ಮೇಲೊಂದು ಇವೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಓಡಿಸಿ ನಿಲ್ಲಿಸಿ ಹತ್ತು ನಿಮಿಷಕ್ಕೆ ಮತ್ತೆ ಚಾಲೂ ಮಾಡಿದರೆ ಕಾರ್ಬುರೇಟರಿನ ಬೌಲಿನಲ್ಲಿ ಪೆಟ್ರೋಲ್ ಕುದಿಯುತ್ತಿರುತ್ತದೆ. ಎರಡರ ನಡುವಿನ ತಗಡಿನ ಹೀಟ್ ಶೀಲ್ಡನ್ನು ಯಾರೋ ಬಿಚ್ಚಿ ಎಸೆದಿರುತ್ತಾರೆ, ಇದೆಯೋ ಇಲ್ಲವೋ ಮೊದಲೇ ಕೇಳಿ. ಥರ್ಮೋಸ್ಟಾಟ್ 82 ಡಿಗ್ರಿಯದರ ಬದಲು ಉಷ್ಣದೇಶಕ್ಕೆ ಅಂತಲೇ ಇದ್ದ 76.5ರದ್ದು ಹಾಕಿ. ರೇಡಿಯೇಟರಿಗೆ ಬೋರಿನ ನೀರು ಮಾತ್ರ ಹಾಕಬೇಡಿ. ಸುಣ್ಣಕಲ್ಲಿನ ಈ ಸೀಮೆಯ ನೀರು ಕೊಳವೆಯೊಳಗೆ ಬಿಳಿ ಪದರ ಕಟ್ಟುತ್ತದೆ. ಕಟ್ಟಿದರೂ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಆದ್ದರಿಂದ ಟ್ಯಾಂಕ್ ಬಿಚ್ಚಿ ಸಲಾಕೆ ಹಾಕಿ ಮತ್ತೆ ಬೆಸುಗೆ ಹಾಕುವವರು ಊರಲ್ಲೇ ಇದ್ದಾರೆ.

ಹಳೇ ಮಾರುತಿ 800 ಬಿಚ್ಚಿದ ಮಿಸ್ತ್ರಿಯಾದರೆ ಅರ್ಧ ಕೆಲಸ ಆದಂತೆ. ಜಪಾನಿನ ಅಳತೆಯ 10, 12, 14, 17ರ ಪಾನಾ ಅವರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತವೆ. 13ರ ಪಾನಾ ತಂದು 12ರ ಬೋಲ್ಟಿನ ತಲೆ ಉರುಟು ಮಾಡುವವರ ಕೈಗೆ ಕೊಡಬೇಡಿ. ಕಾರ್ಬುರೇಟರಿನ ಸ್ಕ್ರೂಗಳಿಗೆ ಸಾದಾ ಪ್ಲಸ್ ಸ್ಕ್ರೂಡ್ರೈವರ್ ಕೂರುವುದಿಲ್ಲ, ಜಾರಿ ತಲೆ ಕಿತ್ತುಬರುತ್ತದೆ. ಜಪಾನಿನ ಮಾನದಂಡದ, ಜೆಐಎಸ್ ತುದಿಯದು ಒಂದು ತರಿಸಿಕೊಳ್ಳಿ. ವಾಲ್ವಿನ ಗ್ಯಾಪ್ ತಣ್ಣಗಿದ್ದಾಗ ಇನ್‌ಲೆಟ್ 0.20, ಎಕ್ಸಾಸ್ಟ್ 0.25 ಮಿಲಿಮೀಟರ್. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-5-3-6-2-4.

ನಾಳೆ ಜಪಾನಿನ ಏಜೆಂಟರಿಗೆ ಹೋಗುವ ಮೇಲ್‌ನಲ್ಲಿ ಕೇಳಿರುವುದು: ಬ್ಲಾಕಿನ ನಂಬರಿನ ಫೋಟೊ, ಫೈರ್‌ವಾಲ್ ನಂಬರು ಬದಿಯಿಂದ ಬೆಳಕು ಬಿಟ್ಟು ತೆಗೆದದ್ದು, ಹಿಂದಿನ ಎರಡೂ ಕಮಾನಿನ ಒಳಮೈ, ಕಾರ್ಪೆಟ್ ಎತ್ತಿದ ನೆಲ, ಬ್ಯಾಟರಿ ತೆಗೆದ ಟ್ರೇ, ಹೀಟ್ ಶೀಲ್ಡ್, ಮತ್ತು ಮಾಡೆಲ್ ಕಲಂ ಸ್ಪಷ್ಟವಾಗಿ ಕಾಣುವ ನೋಂದಣಿ ಪತ್ರದ ಸ್ಕ್ಯಾನ್. ಈಗ ಬಂದಿರುವ ನಕಲಿನಲ್ಲಿ ಆ ಮೂಲೆಯೇ ಮಸುಕಾಗಿದೆ. ಇವೆಲ್ಲ ಬಂದಮೇಲೇ ಮುಂಗಡದ ಮಾತು.